ಅಂಚೆಯಲ್ಲಿ ಬಂದ ಗರಡಿಮನೆ

ತೋಳಿಲ್ಲದ ಬನಿಯನ್ನಿಗೆ ನಮ್ಮ ಕಡೆ ಸ್ಯಾಂಡೋ ಬನಿಯನ್ ಅನ್ನುತ್ತಾರೆ. ಸಂತೆಯಲ್ಲಿ ತಟ್ಟು ಹಾಸಿಕೊಂಡು ಕೂತವನೂ 'ತೋಳಿಂದು ಕೊಡಲಾ, ಸ್ಯಾಂಡೋ ಕೊಡಲಾ' ಎಂದೇ ಕೇಳುತ್ತಾನೆ. ಅದು ಒಬ್ಬ ಮನುಷ್ಯನ ಹೆಸರು ಎಂದು ನನಗೆ ತಿಳಿದದ್ದು ತಲೆ ಅರ್ಧ ನರೆತ ಮೇಲೆ. ಯೂಜೆನ್ ಸ್ಯಾಂಡೋ 1867ರಲ್ಲಿ ಪ್ರಷ್ಯದ ಕೋನಿಗ್ಸ್‌ಬರ್ಗಿನಲ್ಲಿ ಹುಟ್ಟಿದ. ಲಂಡನ್ನಿನ ರಂಗಮಂದಿರಗಳಲ್ಲಿ ಬಲಪ್ರದರ್ಶನ ಮಾಡಿ, ಆಮೇಲೆ ಬರಿಯ ಮೈಕಟ್ಟನ್ನೇ ತೋರಿಸಿ ಹೆಸರು ಮಾಡಿದ. 1904-05ರಲ್ಲಿ ಇಂಡಿಯಾಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದ. ಬಂದವನು ಹೋದ, ಬನಿಯನ್ ಇಲ್ಲೇ ಉಳಿಯಿತು.

ಆದರೆ ಸ್ಯಾಂಡೋ ಬಿಟ್ಟುಹೋದದ್ದರಲ್ಲಿ ಬನಿಯನ್ನಿಗಿಂತ ಕುತೂಹಲದ ವಸ್ತು ಬೇರೆಯೊಂದಿದೆ: ಅವನ ಸ್ಪ್ರಿಂಗ್ ಡಂಬೆಲ್. ನೋಡಲು ಸಾಧಾರಣ ಡಂಬೆಲ್ಲಿನಂತೆಯೇ. ಆದರೆ ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ, ನಡುವೆ ಸ್ಪ್ರಿಂಗುಗಳನ್ನು ಇಟ್ಟಿದ್ದಾರೆ. ಹೆಚ್ಚು ಭಾರವಿಲ್ಲ. ಕೈ ಎತ್ತುವಾಗ, ಇಳಿಸುವಾಗ, ಎರಡು ಹೋಳೂ ಒಂದಕ್ಕೊಂದು ತಾಗುವ ಹಾಗೆ ಹಿಡಿಯನ್ನು ಹಿಸುಕಿಕೊಂಡೇ ಇರಬೇಕು. ಮನಸ್ಸು ಒಂದು ಗಳಿಗೆ ತಿಂಡಿಯ ಕಡೆಗೋ ತಿಂಗಳ ಬಾಕಿಯ ಕಡೆಗೋ ಹೋಯಿತೋ, ಹಿಡಿ ಸಡಿಲಿ ಹೋಳುಗಳು ಬಾಯಿಬಿಡುತ್ತವೆ. ಡಂಬೆಲ್ಲೇ ಚಾಡಿ ಹೇಳುತ್ತದೆ. ಭಾರ ಎತ್ತಿದರೆ ಸಾಲದು, ಎತ್ತುವಾಗ ಮನಸ್ಸು ಆ ಸ್ನಾಯುವಿನಲ್ಲಿ ಇರಬೇಕು, ಇಲ್ಲದಿದ್ದರೆ ಸಾವಿರ ಸಲ ಎತ್ತಿದರೂ ಗಾಣದೆತ್ತು ಸುತ್ತಿದ ಹಾಗೆ ಎಂಬುದು ಸ್ಯಾಂಡೋನ ನಂಬಿಕೆ. ಅದಕ್ಕೆ ಅವನ ಬಳಿ ಪುರಾವೆ ಇರಲಿಲ್ಲ. ತನ್ನ ಮೈಯೇ ಪುರಾವೆ ಎಂದುಕೊಂಡಿದ್ದ. ಅಂಗಡಿ ನಡೆಸುವವರಿಗೆ ಅಷ್ಟು ಸಾಕು.

ಆ ನಂಬಿಕೆ ಪ್ರಯೋಗಶಾಲೆಯಲ್ಲಿ ಒರೆಗೆ ಹತ್ತಲು ಸುಮಾರು ನೂರು ವರ್ಷ ಹಿಡಿಯಿತು. ಆ ನೂರು ವರ್ಷದ ನಡುವೆ ಎಲ್ಲೋ ನಮ್ಮ ಕೋಲಾರ ಜಿಲ್ಲೆಯವರೊಬ್ಬರು ನಿಂತಿದ್ದಾರೆ.

ಮುಳಬಾಗಿಲು ತಾಲ್ಲೂಕಿನಲ್ಲಿ ದೇವರಾಯಸಮುದ್ರ ಅಂತ ಊರಿದೆ. ಸಮುದ್ರ ಅಂದರೆ ಕೆರೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಸೀಮೆಯಲ್ಲಿ ಏರಿ ಕಟ್ಟಿ ಮಳೆನೀರು ನಿಲ್ಲಿಸಿಕೊಂಡು, ಅದಕ್ಕೆ ಸಮುದ್ರ ಎಂದು ಹೆಸರಿಟ್ಟುಕೊಂಡ ಧೈರ್ಯವನ್ನು ನಾನು ಯಾವಾಗಲೂ ಮೆಚ್ಚಿದ್ದೇನೆ. ಈ ಊರಿನಲ್ಲಿ 1890ರ ದಶಕದ ಕೊನೆಗೆ ಹುಟ್ಟಿದವರು ಕೋಲಾರದ ವೆಂಕಟೇಶ ಅಯ್ಯರ್, ನಾವೆಲ್ಲ ಕೆ.ವಿ. ಅಯ್ಯರ್ ಎಂದು ಬಲ್ಲವರು. 'ಶಾಂತಲಾ' ಕಾದಂಬರಿ ಓದಿದವರಿಗೆ ಅವರು ಸಾಹಿತಿ. ಹಳೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ವ್ಯಾಯಾಮಶಾಲೆಯ ಅಯ್ಯರ್. ಇಬ್ಬರೂ ಒಬ್ಬರೇ ಎಂದು ತಿಳಿದಾಗ ನನ್ನ ಪರಿಚಯದ ಮೇಷ್ಟರೊಬ್ಬರು ನಂಬಲೇ ಇಲ್ಲ. ಕಾದಂಬರಿಕಾರರೆಂದರೆ ಕನ್ನಡಕ, ಶಾಲು, ಬಾಗಿದ ಬೆನ್ನು ಎಂದೇ ನಾವು ತಿಳಿದುಕೊಂಡಿದ್ದೇವಲ್ಲ.

ಅಯ್ಯರ್ 1922ರಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ತೆರೆದರು. ಅದರ ಹೆಸರಿಗೆ ಒಂದು ಬಾಲವಿತ್ತು: ಅಂಚೆಯ ಮೂಲಕ ಅಂಗಸಾಧನೆ ಕಲಿಸುವ ಶಾಲೆ. ನನ್ನ ಕುತೂಹಲವೆಲ್ಲ ಈ ಬಾಲದ ಮೇಲೆ.

ಗರಡಿ ಅಂದರೆ ಏನೆಂದು ನಮ್ಮ ಹಳ್ಳಿಗಳಿಗೆ ಗೊತ್ತು. ಕೆಮ್ಮಣ್ಣಿನ ಅಂಕಣ, ಗೋಡೆಗೊರಗಿಸಿದ ಗದೆ, ಗೂಡಿನಲ್ಲಿ ಹನುಮಂತ, ಲಂಗೋಟಿ ಕಟ್ಟಿದ ಹುಡುಗರು. ಅಲ್ಲಿ ಸಾಮು ಕಲಿಸುವುದು ವಸ್ತಾದಿಯ ಬಾಯಿ ಮತ್ತು ಕೈ. 'ಸೊಂಟ ಬಗ್ಗಿಸಬೇಡ್ವೋ', 'ಉಸಿರು ಬಿಡು', 'ಮೊಣಕೈ ಒಳಗಿರಲಿ', ಕೇಳದಿದ್ದರೆ ಬೆನ್ನಿಗೊಂದು ಏಟು. ಬಸ್ಕಿ ಹೊಡೆಯುವ ಹುಡುಗ ಏನನ್ನೂ ಯೋಚಿಸಬೇಕಿಲ್ಲ. ಯೋಚನೆಯೆಲ್ಲ ವಸ್ತಾದಿಯದು. ಎಣಿಕೆಯೂ ಅವನದೇ.

ಈಗ ಇದನ್ನು ಲಕೋಟೆಯಲ್ಲಿ ಹಾಕಿ ಕಳಿಸಿ ನೋಡೋಣ. ಇನ್ನೊಂದು ಊರಿನ ಬಾಡಿಗೆ ಕೋಣೆಯಲ್ಲಿ ಒಬ್ಬ ಗುಮಾಸ್ತ. ಎದುರಿಗೆ ಕನ್ನಡಿ, ಪಕ್ಕದಲ್ಲಿ ಅಂಚೆಯಲ್ಲಿ ಬಂದ ಪಾಠ. ವಸ್ತಾದಿ ಇಲ್ಲ, ಏಟಿಲ್ಲ, ಜೊತೆಗಾರರಿಲ್ಲ. ಪಾಠ ಓದಿ, ಕಾಗದ ಕೆಳಗಿಟ್ಟು, ಕೈ ಎತ್ತುವ ಹೊತ್ತಿಗೆ ಓದಿದ ಮಾತನ್ನು ಅವನೇ ಅವನಿಗೆ ಹೇಳಿಕೊಳ್ಳಬೇಕು. ಬೇರೆ ದಾರಿಯೇ ಇಲ್ಲ. ಭುಜ ಕೆಳಗೆ. ಉಸಿರು ಒಳಗೆ. ಈಗ ಬಿಗಿ ಮಾಡು. ಈಗ ಬಿಡು. ವಸ್ತಾದಿಯ ಬಾಯಿ ಶಿಷ್ಯನ ಬಾಯೊಳಕ್ಕೆ ಬಂದು ಕೂತಿತು. ಅಂಚೆ ಇಲಾಖೆ ತಿಳಿಯದೆಯೇ ಮಾಡಿದ ಒಂದು ಮನಶ್ಶಾಸ್ತ್ರದ ಪ್ರಯೋಗ ಇದು ಎಂದು ನನ್ನ ವಾದ.

ರಷ್ಯಾದ ಲೆವ್ ವೈಗೋಟ್ಸ್ಕಿ ಸರಿಸುಮಾರು ಅದೇ ಕಾಲದಲ್ಲಿ ಮಕ್ಕಳ ವಿಷಯದಲ್ಲಿ ಇದನ್ನೇ ಗಮನಿಸುತ್ತಿದ್ದ. ದೊಡ್ಡವರು ಮಗುವಿಗೆ ಹೇಳುವ ಮಾತನ್ನು ಮಗು ಮೊದಲು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳುತ್ತದೆ. ಬರಬರುತ್ತ ಅದು ಪಿಸುಮಾತಾಗಿ, ಕೊನೆಗೆ ಒಳಗೇ ಆಡುವ ಮಾತಾಗುತ್ತದೆ. ಅವನ ಪುಸ್ತಕ ಬಂದದ್ದು 1934ರಲ್ಲಿ, ಅವನು ಸತ್ತ ವರ್ಷ. ಹೊಸ್ತಿಲು ದಾಟುವ ಮಗುವಿಗೆ ಅಜ್ಜಿ 'ನಿಧಾನ, ನಿಧಾನ' ಅನ್ನುತ್ತಾಳೆ. ಅಜ್ಜಿ ಅಡುಗೆಮನೆಯಲ್ಲಿರುವಾಗ ಮಗು ತಾನೇ 'ನಿಧಾನ' ಎನ್ನುತ್ತ ದಾಟುತ್ತದೆ. ನೋಡಿದವರು ನಗುತ್ತಾರೆ. ವೈಗೋಟ್ಸ್ಕಿ ನಗಲಿಲ್ಲ, ಬರೆದುಕೊಂಡ.

ಅಯ್ಯರ್ 1930ರಲ್ಲಿ ಇಂಗ್ಲಿಷಿನಲ್ಲಿ ತಂದ 'ಮಸಲ್ ಕಲ್ಟ್' ಎಂಬ ಪುಸ್ತಕದಲ್ಲಿ ವಿನಯಕ್ಕೆ ಹೆಚ್ಚು ಜಾಗವಿಲ್ಲ. ತನ್ನ ಮೈಯನ್ನು ಕಂಡರೆ ದೇವತೆಗಳಿಗೂ ಆಸೆಯಾಗಬೇಕು ಎಂಬ ಅರ್ಥದ ಮಾತನ್ನು ಸಂಕೋಚವಿಲ್ಲದೆ ಬರೆದುಕೊಂಡರು. ಆತ್ಮಪ್ರಶಂಸೆಯನ್ನು ಪಾಪವೆಂದು ಕಲಿಸುವ ನಮ್ಮ ಮನೆಗಳಲ್ಲಿ ಬೆಳೆದ ನನಗೆ ಮೊದಲು ಇದು ಹಿಡಿಸಲಿಲ್ಲ. ಆಮೇಲೆ ಇನ್ನೊಂದು ಕಡೆಯಿಂದ ನೋಡಿದೆ. ಕರಿಯರಿಗೆ ಮೈಕಟ್ಟಿಲ್ಲ, ಪೌರುಷವಿಲ್ಲ ಎಂದು ಆಳುವ ದೊರೆಗಳು ಹೇಳುತ್ತಿದ್ದ ಕಾಲ. ಕನ್ನಡಿಯ ಮುಂದೆ ನಿಂತ ಒಬ್ಬ ಕೋಲಾರದವನು ಅದಕ್ಕೆ ಉತ್ತರ ಹೇಳಿಕೊಂಡಿದ್ದಾನೆ. ಕೆರೆಗೆ ಸಮುದ್ರ ಅಂದ ಊರಿನವರಲ್ಲವೇ.

ಆದರೆ ಜಂಬದ ಹಿಂದೆ ಕೆಲಸವಿತ್ತು. ಆ ಕಾಲದ ಅಂಗಸಾಧಕರ ನಡುವೆ ಸ್ನಾಯು ನಿಯಂತ್ರಣ ಎಂಬ ವಿದ್ಯೆ ಹರಡಿತ್ತು. ಅದನ್ನು ಹೆಸರಿಗೆ ತಂದವನು ಮ್ಯಾಕ್ಸಿಕ್. ಆಸ್ಟ್ರಿಯದಲ್ಲಿ ರೋಗದ ಮಗುವಾಗಿ ಬೆಳೆದು, ಲಂಡನ್ನಿಗೆ ಬಂದು, 1911ರಲ್ಲಿ ಪುಸ್ತಕ ಬರೆದವನು. ಭಾರವೇನೂ ಇಲ್ಲ. ಸುಮ್ಮನೆ ನಿಂತು, ಮಿಕ್ಕ ಮೈಯನ್ನೆಲ್ಲ ಸಡಿಲ ಬಿಟ್ಟು, ಬೇಕಾದ ಒಂದೇ ಸ್ನಾಯುವನ್ನು ಬಿಗಿ ಮಾಡುವುದು. ಹೊಟ್ಟೆಯ ನಡುವಿನ ಕಂಬವನ್ನು ಮಾತ್ರ ಎಬ್ಬಿಸುವುದು. ಹಠಯೋಗದಲ್ಲಿ ಇದಕ್ಕೆ ನೌಲಿ ಅನ್ನುತ್ತಾರೆ. ಮೊದಲ ದಿನ ಯಾರಿಗೂ ಬರುವುದಿಲ್ಲ. ಆ ಸ್ನಾಯು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ದಿನವೂ ಕರೆಯಬೇಕು, ಒಂದು ದಿನ ಓಗೊಡುತ್ತದೆ. ಅಯ್ಯರ್ ಈ ವಿದ್ಯೆಯನ್ನೂ ಬಾರ್ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಪಾಠಕ್ಕೆ ಸೇರಿಸಿದರು. ವಕೀಲರಾಗಿದ್ದ ಎಸ್. ಸುಂದರಂ ಎಂಬ ಯೋಗಪಟುವಿನ ಜೊತೆ ಸೇರಿ ಪ್ರದರ್ಶನ ಕೊಟ್ಟರು: ಒಬ್ಬರು ಆಸನ ಹಾಕುವುದು, ಇನ್ನೊಬ್ಬರು ಸ್ನಾಯು ಕುಣಿಸುವುದು. 1937ರಲ್ಲಿ ಸೂರ್ಯನಮಸ್ಕಾರದ ಮೇಲೆಯೇ ಒಂದು ಪುಸ್ತಕ ಬರೆದರು. ಅವರ ಶಿಷ್ಯ ಅನಂತರಾವ್ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ, ಟಿ. ಕೃಷ್ಣಮಾಚಾರ್ಯರ ಯೋಗಶಾಲೆಯ ಆಸುಪಾಸಿನಲ್ಲೇ, ಈ ಪದ್ಧತಿಯನ್ನು ಕಲಿಸಿದರು. ಇಂದು ಯಾವುದು ಯೋಗ, ಯಾವುದು ಜಿಮ್ ಎಂದು ಗೆರೆ ಎಳೆಯುವವರು ಆ ಅರಮನೆಯ ಅಂಗಳವನ್ನು ಒಮ್ಮೆ ನೆನೆಯಬೇಕು.

ಇವರೆಲ್ಲ ನಂಬಿದ್ದು ಒಂದೇ: ಮನಸ್ಸು ಹೇಳಿದರೆ ಸ್ನಾಯು ಕೇಳುತ್ತದೆ, ಹೇಳಿ ಹೇಳಿ ಅಭ್ಯಾಸವಾದರೆ ಹೆಚ್ಚು ಕೇಳುತ್ತದೆ. ಇದು ದಿಟವೇ?

ದಿಟದ ಮೊದಲ ಸುಳಿವು 1894ರಲ್ಲೇ ಸಿಕ್ಕಿತ್ತು, ಅಯ್ಯರ್ ಹುಟ್ಟುವ ಮೊದಲೇ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಒಂದು ಕೈಯ ಹಿಡಿಗೆ ಮಾತ್ರ ದಿನವೂ ಸಾಮು ಮಾಡಿಸಿದ. ಕೆಲವು ದಿನ ಕಳೆದು ಅಳೆದರೆ, ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಏರಿತ್ತು. ಬಲ ಬಂದದ್ದು ಬರಿಯ ಮಾಂಸಕ್ಕಾಗಿದ್ದರೆ ಆ ಕೈಗೆ ಹೇಗೆ ದಾಟಿತು? ಪ್ರಶ್ನೆ ಬಹಳ ಕಾಲ ಮೂಲೆಯಲ್ಲಿ ಬಿದ್ದಿತ್ತು. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬಿಬ್ಬರು ತೋಳಿನ ಸಾಮು ಮಾಡಿಸಿ, ಸ್ನಾಯುವಿನ ವಿದ್ಯುತ್ ಅಲೆಯನ್ನೂ ಗಾತ್ರವನ್ನೂ ಜೊತೆಗೇ ಅಳೆದರು. ಮೊದಲ ಮೂರರಿಂದ ಐದು ವಾರ ಏರುವ ಬಲದಲ್ಲಿ ದೊಡ್ಡ ಪಾಲು ನರಗಳದ್ದು, ಸ್ನಾಯು ದಪ್ಪವಾಗುವುದು ಆಮೇಲಿನ ಮಾತು ಎಂದು ಕಂಡಿತು. ಜಿಮ್ಮಿಗೆ ಸೇರಿ ಮೂರು ವಾರಕ್ಕೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲವೆಂದು ಬಿಟ್ಟುಬರುವ ನನ್ನಂಥವರಿಗೆ ಈ ವಿಷಯ ಯಾರೂ ಹೇಳಿರುವುದಿಲ್ಲ. ಕೆಲಸ ಆಗಿರುತ್ತದೆ, ಕನ್ನಡಿಗೆ ಕಾಣದ ಕಡೆ.

ಕತೆಯ ತಿರುವು ಬಂದದ್ದು 1992ರಲ್ಲಿ, ಅಯೋವಾ ವಿಶ್ವವಿದ್ಯಾಲಯದಲ್ಲಿ, ಒಂದು ಕಿರುಬೆರಳಿನ ಮೇಲೆ. ಗುವಾಂಗ್ ಯೂ ಮತ್ತು ಕೆಲಿ ಕೋಲ್ ಆರಿಸಿಕೊಂಡದ್ದು ಕಿರುಬೆರಳನ್ನು ಪಕ್ಕಕ್ಕೆ ಸರಿಸುವ ಪುಟ್ಟ ಸ್ನಾಯುವನ್ನು. ದಿನಬಳಕೆಯಲ್ಲಿ ಅದಕ್ಕೆ ದೊಡ್ಡ ಕೆಲಸವಿಲ್ಲ, ಆದ್ದರಿಂದ ಬೇರೆ ಕಡೆಯಿಂದ ಬಲ ಬಂತೆಂಬ ತಕರಾರಿಲ್ಲ. ಒಂದು ಗುಂಪು ನಾಲ್ಕು ವಾರ, ವಾರಕ್ಕೆ ಐದು ದಿನ, ಬೆರಳನ್ನು ಪೂರ್ತಿ ಬಲ ಹಾಕಿ ಒತ್ತಿತು. ಇನ್ನೊಂದು ಗುಂಪು ಬೆರಳು ಅಲ್ಲಾಡಿಸದೆ, ಒತ್ತುತ್ತಿರುವುದಾಗಿ ಮನಸ್ಸಿನಲ್ಲೇ ಅಂದುಕೊಂಡಿತು. ಮೂರನೆಯದು ಸುಮ್ಮನಿತ್ತು. ನಾಲ್ಕು ವಾರ ಕಳೆದ ಮೇಲೆ ಒತ್ತಿದವರ ಬಲ ಶೇಕಡ 30 ಏರಿತ್ತು. ಸುಮ್ಮನಿದ್ದವರದು ಶೇಕಡ 4ರ ಒಳಗೆ. ಅಂದುಕೊಂಡವರದು ಶೇಕಡ 22.

ಈ 22ನ್ನು ಓದಿದ ದಿನ ನಾನು ಎದ್ದು ನಾಲ್ಕು ಹೆಜ್ಜೆ ಓಡಾಡಿ ಬಂದೆ. ಹಾಗಂತ ಮಂಚದ ಮೇಲೆ ಮಲಗಿ ಅಂದುಕೊಂಡರೆ ಪೈಲ್ವಾನರಾಗಬಹುದೆಂದಲ್ಲ. ಅಂದುಕೊಂಡದ್ದೂ ಒಂದು ಸಾಮೇ: ವಾರಕ್ಕೆ ಐದು ದಿನ, ಎಣಿಸಿ ಅಂದುಕೊಂಡದ್ದು. ಅದನ್ನು ಹಗಲುಗನಸು ಅನ್ನಲಾಗದು.

ಸ್ಯಾಂಡೋನ ಡಂಬೆಲ್ಲಿಗೆ ನೇರ ಉತ್ತರ ಸಿಕ್ಕಿದ್ದು ಇನ್ನೂ ತಡವಾಗಿ. 2016ರಲ್ಲಿ ಹೋಕಿನ್ ಕಲತಾಯುದ್ ಮತ್ತು ಜೊತೆಗಾರರು, ಸಾಮು ಮಾಡಿ ಪಳಗಿದ 18 ಮಂದಿಯನ್ನು ಬೆಂಚಿನ ಮೇಲೆ ಮಲಗಿಸಿ ಬಾರ್ಬೆಲ್ ಎತ್ತಿಸಿದರು. ಒಮ್ಮೆ ಸುಮ್ಮನೆ ಎತ್ತಿ ಎಂದರು, ಒಮ್ಮೆ ಎದೆಯ ಸ್ನಾಯುವಿನ ಮೇಲೆ ಮನಸ್ಸಿಟ್ಟು ಎತ್ತಿ ಎಂದರು, ಇನ್ನೊಮ್ಮೆ ತೋಳಿನ ಹಿಂಭಾಗದ ಮೇಲೆ. ಮನಸ್ಸಿಟ್ಟ ಕಡೆ ಸ್ನಾಯು ಹೆಚ್ಚು ಕೆಲಸ ಮಾಡಿತು. ಆದರೆ ಅವರವರು ಎತ್ತಬಲ್ಲ ಗರಿಷ್ಠ ಭಾರದ ಶೇಕಡ 60ರವರೆಗೆ ಮಾತ್ರ. 80ಕ್ಕೆ ಏರಿಸಿದಾಗ ಮನಸ್ಸಿನ ಮಾತು ನಡೆಯಲಿಲ್ಲ. ಅಷ್ಟು ಭಾರಕ್ಕೆ ಮೈ ತನಗೆ ತೋಚಿದಂತೆ ಎಲ್ಲವನ್ನೂ ಕರೆಯುತ್ತದೆ. ಸ್ಯಾಂಡೋ ಹಗುರ ಡಂಬೆಲ್ಲನ್ನೇ ಮಾರಿದ್ದು ಪೆದ್ದುತನವಲ್ಲ ಎಂದಾಯಿತು. ಎರಡು ವರ್ಷದ ನಂತರ ಬ್ರಾಡ್ ಶೋನ್‌ಫೆಲ್ಡ್ ಅವರ ತಂಡ ಎಂಟು ವಾರ ಸಾಮು ಮಾಡಿಸಿ ನೋಡಿತು. ಸ್ನಾಯುವಿನ ಮೇಲೆ ಗಮನವಿಟ್ಟವರ ತೋಳು ಶೇಕಡ 12.4 ದಪ್ಪವಾಯಿತು, ಭಾರ ಎತ್ತುವುದರ ಮೇಲಷ್ಟೇ ಗಮನವಿಟ್ಟವರದು 6.9. ತೊಡೆಯಲ್ಲಿ ಮಾತ್ರ ಇಬ್ಬರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತೊಡೆಗೆ ಕಿವಿ ಮಂದ ಅಂತ ಕಾಣುತ್ತದೆ.

ಇಷ್ಟು ಸ್ನಾಯುವಿನ ಕತೆ. ಇನ್ನು ಮಾತಿನ ಕತೆ.

ಅಯ್ಯರ್ ಬೆಂಗಳೂರಿನಲ್ಲಿ ಶಾಲೆ ತೆರೆದ ಆ ವರ್ಷಗಳಲ್ಲಿ ಫ್ರಾನ್ಸಿನ ನಾನ್ಸಿ ಪಟ್ಟಣದಲ್ಲಿ ಎಮಿಲ್ ಕುಯೆ ಎಂಬ ಔಷಧಿ ಅಂಗಡಿಯವನು ಲೋಕಪ್ರಸಿದ್ಧನಾಗಿದ್ದ. ಔಷಧಿ ಕೊಡುವಾಗ ನಾಲ್ಕು ಒಳ್ಳೆ ಮಾತು ಸೇರಿಸಿ ಕೊಟ್ಟರೆ ಅದೇ ಔಷಧಿ ಹೆಚ್ಚು ನಾಟುತ್ತದೆ ಎಂದು ಕಂಡುಕೊಂಡವನು. ಹಾಗಾದರೆ ಮಾತನ್ನಷ್ಟೇ ಕೊಟ್ಟರೇನು ಎಂದು ಹೊರಟ. ದಿನದಿಂದ ದಿನಕ್ಕೆ ಎಲ್ಲದರಲ್ಲೂ ಗುಣವಾಗುತ್ತಿದ್ದೇನೆ ಎಂಬ ಅರ್ಥದ ಒಂದು ವಾಕ್ಯವನ್ನು ಬೆಳಗ್ಗೆ ಏಳುವಾಗ, ರಾತ್ರಿ ಮಲಗುವಾಗ ಇಪ್ಪತ್ತು ಸಲ ಹೇಳಿಕೊಳ್ಳಬೇಕು. ಎಣಿಕೆ ತಪ್ಪದಿರಲು ಇಪ್ಪತ್ತು ಗಂಟು ಹಾಕಿದ ದಾರ. ನಮ್ಮ ಜಪಮಣಿ ಅವನಿಗೆ ದಾರವಾಗಿತ್ತು. ಇಂದು ಯಶಸ್ಸಿನ ಭಾಷಣಕಾರರು ಹಂಚುವ 'ನಾನು ಗೆದ್ದೇ ಗೆಲ್ಲುತ್ತೇನೆ' ಮಾತಿನ ಮುತ್ತಜ್ಜ ಈತ.

ಈ ಮಾತು ಎಲ್ಲರಿಗೂ ಹಿಡಿಯುತ್ತದೆಯೇ ಎಂದು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ 2009ರಲ್ಲಿ ನೋಡಿದರು. ನಾನು ಪ್ರೀತಿಗೆ ಯೋಗ್ಯ ಎಂಬರ್ಥದ ವಾಕ್ಯವನ್ನು ಮತ್ತೆಮತ್ತೆ ಹೇಳಿಕೊಳ್ಳಿ ಎಂದರು. ಮೊದಲೇ ತಮ್ಮ ಬಗ್ಗೆ ಒಳ್ಳೆಯ ಭಾವನೆ ಇದ್ದವರಿಗೆ ತುಸು ಹಿತವಾಯಿತು. ತಮ್ಮನ್ನು ತಾವು ಕೀಳೆಂದು ಕಂಡುಕೊಂಡಿದ್ದವರಿಗೆ, ಅಂದರೆ ಯಾರಿಗೆ ಆ ಮಾತು ಬೇಕಾಗಿತ್ತೋ ಅವರಿಗೇ, ಹೇಳಿಕೊಂಡ ಮೇಲೆ ಇನ್ನಷ್ಟು ಬೇಜಾರಾಯಿತು. ಒಳಗಿನವನು ಎದುರುತ್ತರ ಕೊಟ್ಟಿರಬೇಕು. ಹೂಳು ತುಂಬಿದ ಕೆರೆಯ ಏರಿಯ ಮೇಲೆ ನಿಂತು ಸಮುದ್ರ ಸಮುದ್ರ ಎಂದು ಕೂಗಿದರೆ ಆಗುವುದು ಇದೇ.

ಗ್ರೀಸಿನ ಥೆಸಲಿ ವಿಶ್ವವಿದ್ಯಾಲಯದ ಹಾಜಿಯೋರ್ಗಿಯಾಡಿಸ್ ಮತ್ತಿತರರು 2011ರಲ್ಲಿ ಆಟೋಟದ 32 ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ನೋಡಿದರು. ತನಗೆ ತಾನೇ ಮಾತಾಡಿಕೊಳ್ಳುವುದರಿಂದ ಪ್ರಯೋಜನವಿದೆ, ಅದರಲ್ಲೂ ಹೊಸದಾಗಿ ಕಲಿಯುವ ಕೆಲಸದಲ್ಲಿ ಹೆಚ್ಚು. ಗುರಿ, ನಯ, ನಾಜೂಕು ಬೇಕಾದ ಕಡೆ 'ನನ್ನ ಕೈಲಾಗುತ್ತದೆ' ಎಂಬ ಹುರಿದುಂಬಿಸುವ ಮಾತಿಗಿಂತ 'ಮೊಣಕೈ ಒಳಗಿರಲಿ' ಎಂಬ ಕೆಲಸದ ಮಾತು ಹೆಚ್ಚು ನಾಟುತ್ತದೆ. ವಸ್ತಾದಿಯ ಮಾತು ಗೆದ್ದಿತು, ಭಾಷಣಕಾರನದಲ್ಲ.

ಇದು ನನ್ನ ಭುಜಕ್ಕೂ ಗೊತ್ತು. ಹೋದ ವರ್ಷ ಬಲಭುಜ ಹಿಡಿದುಕೊಂಡು ತಲೆ ಬಾಚುವುದಕ್ಕೂ ಆಗುತ್ತಿರಲಿಲ್ಲ. ಫಿಸಿಯೋಥೆರಪಿಗೆ ಹೋದರೆ ಮೊದಲು ಸಿಕ್ಕ ಹುಡುಗ 'ಸೂಪರ್ ಸಾರ್, ನಿಮ್ಮ ಕೈಲಿ ಆಗುತ್ತೆ ಸಾರ್' ಎನ್ನುತ್ತಲೇ ಇದ್ದ. ನನಗೆ ಅಳು ಬರುತ್ತಿತ್ತು. ಆಮೇಲೆ ಬಂದ ಹೆಂಗಸು ಒಂದೇ ಮಾತು ಹೇಳಿದರು: 'ಕಿವಿಗೂ ಭುಜಕ್ಕೂ ಮಧ್ಯ ಜಾಗ ಬಿಡಿ.' ಮನೆಯಲ್ಲಿ ಗೋಡೆಗೆ ಬೆರಳು ಹಚ್ಚಿ ಹತ್ತಿಸುವಾಗ ನಾನು ಅದನ್ನೇ ಹೇಳಿಕೊಳ್ಳುತ್ತಿದ್ದೆ. 'ಯಾರ ಹತ್ರ ಮಾತು?' ಎಂದು ಹೆಂಡತಿ ಅಡುಗೆಮನೆಯಿಂದ ಕೇಳುತ್ತಿದ್ದಳು.

ಯಾರ ಹತ್ತಿರ ಎಂಬುದೂ ಮುಖ್ಯವಂತೆ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ 2014ರಲ್ಲಿ, ಎದುರಿಗೆ ನಿಂತು ಭಾಷಣ ಮಾಡಬೇಕಾದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು 'ನಾನು' ಎಂದು ತಮ್ಮೊಳಗೆ ಮಾತಾಡಿಕೊಳ್ಳಬೇಕು, ಇನ್ನೊಂದು ಗುಂಪು ತಮ್ಮ ಹೆಸರು ಹಿಡಿದೇ ಕರೆದುಕೊಳ್ಳಬೇಕು. ಹೆಸರು ಹಿಡಿದವರು ಚೆನ್ನಾಗಿ ಮಾತಾಡಿದರು, ಆಮೇಲೆ ಕೊರಗಿದ್ದೂ ಕಡಿಮೆ. ಇದನ್ನು ಓದಿ ನಾನು ನಕ್ಕೆ. ದೇವರಾಯಸಮುದ್ರದ ತಾಲ್ಲೂಕು ಕೇಂದ್ರ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 1943ರಲ್ಲಿ ಒಂದು ಇಡೀ ಪುಸ್ತಕವನ್ನು ಹೀಗೆಯೇ ಬರೆದಿಟ್ಟಿದ್ದಾರೆ. ತನಗೆ ತಾನೇ ಮಂಕುತಿಮ್ಮ ಎಂದು ಹೆಸರಿಟ್ಟುಕೊಂಡು, ಪದ್ಯಪದ್ಯದ ತುದಿಯಲ್ಲೂ ಆ ಹೆಸರು ಹಿಡಿದು ಕರೆದು ಬುದ್ಧಿ ಹೇಳಿಕೊಂಡರು. ಅದಕ್ಕೂ ನಾಲ್ಕೈದು ಶತಮಾನ ಹಿಂದೆ ಅದೇ ಮುಳಬಾಗಿಲಿನ ಶ್ರೀಪಾದರಾಜರು ಕನ್ನಡದಲ್ಲಿ ಹಾಡು ಕಟ್ಟಿದರು. ಅವರ ಹಿಂದೆ ಬಂದ ದಾಸರು ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಗದರಿಸಿದರು.

ಅಯ್ಯರ್ ಅವರಿಗೂ ಬರಿಯ ಕನ್ನಡಿ ಸಾಕಾಗಲಿಲ್ಲ. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರಾಗಿದ್ದರು. ನಾಟಕದ ಗೀಳು ಹತ್ತಿತು, ಆಮೇಲೆ ಕಾದಂಬರಿಯ ಗೀಳು. ಅವರ 'ರೂಪದರ್ಶಿ' ಕಾದಂಬರಿಯಲ್ಲಿ ಫ್ಲಾರೆನ್ಸಿನ ಮೈಕೆಲೇಂಜೆಲೊ ಬಾಲಯೇಸುವಿನ ಮುಖಕ್ಕೆ ಮಾದರಿ ಹುಡುಕುತ್ತಾನೆ. ಅರ್ನೆಸ್ಟೊ ಎಂಬ ಚೆಲುವಾದ ಮಗು ಸಿಗುತ್ತದೆ. ಎಷ್ಟೋ ವರ್ಷ ಕಳೆದು ದ್ರೋಹಿ ಜೂದಾಸನ ಮುಖಕ್ಕೆ ಮಾದರಿ ಬೇಕಾಗುತ್ತದೆ. ಊರೆಲ್ಲ ಅಲೆದು ಒಬ್ಬ ಪಾತಕಿಯನ್ನು ತಂದು ಕೂರಿಸಿದರೆ, ಅವನೇ ಆ ಮಗು.

ದಿನವೂ ಕನ್ನಡಿಯ ಮುಂದೆ ನಿಂತು ಒಂದೊಂದೇ ಸ್ನಾಯುವನ್ನು ಕರೆದು ಮಾತಾಡಿಸಿ ಮೈ ಕಟ್ಟಿದವರು ಬರೆದ ಕತೆ ಇದು. ಮುಖದಲ್ಲೂ ಸ್ನಾಯುಗಳಿವೆ. ನಡುವಿನ ಅಷ್ಟೂ ವರ್ಷ ಅರ್ನೆಸ್ಟೊ ದಿನಾ ತನಗೆ ತಾನೇ ಏನು ಹೇಳಿಕೊಳ್ಳುತ್ತಿದ್ದ ಎಂದು, ಪುಸ್ತಕ ಮುಚ್ಚಿಟ್ಟ ಮೇಲೂ ನಾನು ಕೇಳಿಕೊಳ್ಳುತ್ತಿರುತ್ತೇನೆ.